ಬೇರು ತಿನ್ನೋ ಬಾಯೇ ಅದಕ್ಕಿಲ್ಲ, ವಿಷ ಯಾಕೆ ಸುರೀತೀರಿ?

ಮಳೆ ಹಿಡಿದಾಗಿನಿಂದ ನಮ್ಮ ಕಡೆಯ ಮೂರು ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಫೋಟೋ ಸುತ್ತುತ್ತಾ ಇದೆ. ಅಡಿಕೆ ಮರದ ಬುಡ ಬಿಡಿಸಿದ ಮಣ್ಣು, ಅದರ ಮಧ್ಯೆ ಕೆಂಪು ತಲೆಯ, ಹಳದಿ ದಾರದಂಥ ಒಂದು ಹುಳ. ಕೆಳಗಿನ ಬರಹದ ಸಾರಾಂಶ ಇಷ್ಟು: ಇದು ಬೇರು ತಿನ್ನುವ ಹೊಸ ಹುಳ, ಕೂಡಲೇ ಬುಡಕ್ಕೆ ಕ್ಲೋರ್‌ಪೈರಿಫಾಸ್ ಹೊಯ್ಯಬೇಕು, ತಡ ಮಾಡಿದರೆ ತೋಟದ ಆಸೆ ಬಿಡಬೇಕು. ಬರೆದವರು ಯಾರೋ ಗೊತ್ತಿಲ್ಲ. ಕಳಿಸಿದವರೆಲ್ಲ ಗೊತ್ತಿದ್ದವರೇ. ಪೇಟೆಯ ಅಂಗಡಿಯೊಂದರಲ್ಲಿ ಇದೇ ಫೋಟೋ ತೋರಿಸಿ ಕ್ಯಾನುಗಟ್ಟಲೆ ಮಾರಿದ್ದೂ ಆಯ್ತಂತೆ.

ಅದು ಹೊಸ ಹುಳ ಅಲ್ಲ. ಬೇರು ತಿನ್ನುವುದೂ ಇಲ್ಲ. ಅದು ಮಣ್ಣಿನ ಜರಿ. ನಮ್ಮ ಅಜ್ಜಂದಿರು ತೋಟ ಹಾಕುವ ಮೊದಲಿಂದಲೂ ಆ ಮಣ್ಣಲ್ಲೇ ಇದ್ದದ್ದು. ಇಷ್ಟನ್ನೇ ಗುಂಪಲ್ಲಿ ಬರೆದದ್ದಕ್ಕೆ "ನಿಮಗೆ ಹ್ಯಾಗೆ ಗೊತ್ತು, ನೀವೇನು ವಿಜ್ಞಾನಿಯಾ" ಅಂತ ಕೇಳಿದರು. ಕೇಳಲಿ, ನ್ಯಾಯವಾದ ಪ್ರಶ್ನೆ. ಆದರೆ ಅದೇ ಪ್ರಶ್ನೆಯನ್ನ ಆ ಫೋಟೋ ಕಳಿಸಿದವರಿಗೆ ಒಬ್ಬರೂ ಕೇಳಲಿಲ್ಲ ಮಾರಾಯ್ರೇ. ವಿಷ ಹೊಯ್ಯಿ ಅಂದವನಿಗೆ ಸಾಕ್ಷಿ ಬೇಡ, ಬೇಡ ಅಂದವನಿಗೆ ಮಾತ್ರ ಬೇಕು! ಆಗಲಿ, ಸಾಕ್ಷಿ ಕೊಡ್ತೀನಿ. ಅದು ಆ ಹುಳದ ಮೈಮೇಲೇ ಇದೆ. ಉದ್ದದ ಬರಹ, ಸಂಜೆ ಪುರುಸೊತ್ತಲ್ಲಿ ಓದಿ.

ಮೊದಲು ಕಾಲು. ಮಣ್ಣಲ್ಲಿ ಸಿಗುವ ಉದ್ದನೆಯದನ್ನೆಲ್ಲ ನಾವು "ಹುಳ" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಎರೆಹುಳಕ್ಕೆ ಕಾಲೇ ಇಲ್ಲ. ನಿಜವಾಗಿ ಅಡಿಕೆ ಬೇರು ಕಡಿಯುವ ಬೇರುಹುಳ, ಅಂದರೆ ದುಂಬಿಯ ಮರಿ, ಬೆಳ್ಳಗೆ, ದಪ್ಪಗೆ, ಕೈಯಲ್ಲಿಟ್ಟರೆ ಬಿಲ್ಲಿನ ಹಾಗೆ ಬಾಗಿಕೊಂಡು ಮಲಗುತ್ತೆ. ಅದಕ್ಕೆ ಮೂರೇ ಜೋಡಿ ಕಾಲು, ಅವೂ ತಲೆಯ ಹತ್ತಿರ ಮಾತ್ರ. ಮುಟ್ಟಿದರೆ ಚಕ್ಕುಲಿ ಸುತ್ತಿಕೊಳ್ಳುವ ಚೋರಟೆಗೆ ಮೈಯ ಹೆಚ್ಚಿನ ಗೆಣ್ಣುಗಳಲ್ಲೆಲ್ಲ ಎರಡೆರಡು ಜೋಡಿ. ಜರಿಗೆ ಗೆಣ್ಣಿಗೆ ಒಂದೇ ಜೋಡಿ, ಮೈಯ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತೆ. ಇಷ್ಟು ನೋಡಲು ಸೂಕ್ಷ್ಮದರ್ಶಕ ಬೇಡ, ಓದುವ ಕನ್ನಡಕ ಸಾಕು. ಆ ಫೋಟೋವನ್ನ ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ಗೆಣ್ಣಿಗೊಂದೇ ಜೋಡಿ ಕಾಲು ಸಾಲಾಗಿ ಕಾಣುತ್ತೆ.

ಚೋರಟೆ ದರಗು, ಕೊಳೆತ ಸೊಪ್ಪು ತಿಂದು ಗೊಬ್ಬರ ಮಾಡುವ ಜಾತಿ. ಜರಿ ಬೇಟೆಗಾರ. ಎರಡನ್ನೂ ಒಂದೇ ಅಂತ ಕಾಲಲ್ಲಿ ಹೊಸಕುವವರು ಹಸುವನ್ನೂ ಚಿರತೆಯನ್ನೂ ನಾಲ್ಕು ಕಾಲಿದೆ ಅಂತ ಒಂದೇ ಕೊಟ್ಟಿಗೇಲಿ ಕಟ್ಟಿದ ಹಾಗೆ.

ಜರಿಗಳಲ್ಲೂ ಎಲ್ಲ ಒಂದೇ ಅಲ್ಲ. ಇವತ್ತು ಜಗತ್ತಲ್ಲಿ ಬದುಕಿರುವ ಜರಿಗಳನ್ನ ಐದು ಗಣ ಮಾಡಿದ್ದಾರೆ. ಗೋಡೆ ಮೇಲೆ ಉದ್ದುದ್ದ ಕಾಲು ಹಾಕಿಕೊಂಡು ಓಡುತ್ತಲ್ಲ, ಅದೊಂದು. ಕಲ್ಲಿನ ಅಡಿಯ ಪುಟ್ಟ ಜರಿ ಇನ್ನೊಂದು. ಟಾಸ್ಮೇನಿಯಾ, ನ್ಯೂಜಿಲೆಂಡ್ ಬಿಟ್ಟರೆ ಬೇರೆಲ್ಲೂ ಸಿಗದ ಒಂದು. ಈ ಮೂರಕ್ಕೂ ದೊಡ್ಡದಾದ ಮೇಲೆ 15 ಜೋಡಿ ಕಾಲು. ನಾಲ್ಕನೆಯದು ನಾವೆಲ್ಲ ಹೆದರುವ ದೊಡ್ಡ ಜರಿ, ಸ್ಕೊಲೊಪೆಂಡ್ರ ಅಂತ ಹೆಸರು, 21 ಅಥವಾ 23 ಜೋಡಿ. ಐದನೆಯದು ನಮ್ಮ ಈ ಮಣ್ಣಿನ ಜರಿ. ಇದರ ಗಣಕ್ಕೆ ಜಿಯೋಫಿಲೊಮಾರ್ಫ ಅಂತಾರೆ, ಗ್ರೀಕಲ್ಲಿ ಜಿಯೋಫಿಲ ಅಂದರೆ ಮಣ್ಣನ್ನ ಪ್ರೀತಿಸುವುದು. ಕಾಲು 27 ಜೋಡಿಯಿಂದ 191 ಜೋಡಿಯವರೆಗೆ.

ಒಂದು ತಮಾಷೆ ಗಮನಿಸಿ. 15, 21, 23, 27, 191, ಎಲ್ಲ ಬೆಸ ಸಂಖ್ಯೆ. ಜೋಡಿ ಎಷ್ಟೇ ಇರಲಿ, ದೊಡ್ಡ ಜರಿಗಳಲ್ಲಿ ಅದು ಬೆಸವೇ. ಅಪರೂಪಕ್ಕೆ ಅಂಗವಿಕಲವಾಗಿ ಹುಟ್ಟಿದ್ದು ಬಿಟ್ಟರೆ ಐವತ್ತು ಜೋಡಿಯ ಜರಿ ಇಲ್ಲ. ಅಂದ ಮೇಲೆ ಸರಿಯಾಗಿ ನೂರು ಕಾಲಿರುವ ಶತಪದಿಯೂ ಇಲ್ಲ! ಶಾಲೆಯಲ್ಲಿ ಮಕ್ಕಳಿಗೆ ಶತಪದಿಗೆ ನೂರು ಕಾಲು ಅಂತ ಬರೆಸಿದವರು ಒಂದನ್ನೂ ಹಿಡಿದು ಎಣಿಸಿಲ್ಲ.

ಮಣ್ಣಿನ ಜರಿಯಲ್ಲಿ ಮತ್ತೆ ಎರಡು ಕವಲು. ಒಂದರಲ್ಲಿ ಒಂದೇ ಕುಟುಂಬ, ಮೆಸಿಸ್ಟೊಸೆಫಾಲಿಡೆ. ಹೆಸರು ನಾಲಿಗೆ ತಿರುಗದಿದ್ದರೂ ಗುರುತು ಸುಲಭ: ಕಂದುಗೆಂಪು ತಲೆ, ಅಗಲಕ್ಕಿಂತ ಉದ್ದ ಹೆಚ್ಚು, ಮೈ ಮಾತ್ರ ತಿಳಿ ಹಳದಿ, ಮೇಲಿನಿಂದ ನೋಡಿದರೂ ತಲೆಯ ಮುಂದೆ ಎರಡು ಕೊಕ್ಕೆ ಇಣುಕುತ್ತಿರುತ್ತೆ. ಗುಂಪಲ್ಲಿ ಸುತ್ತುತ್ತಿರುವ "ಹೊಸ ಹುಳ" ಈ ಕುಟುಂಬದ್ದು. ಇವುಗಳಲ್ಲಿ ಹೆಚ್ಚಿನ ಜಾತಿಗಳಿಗೆ ಕಾಲಿನ ಲೆಕ್ಕ ಗಟ್ಟಿ, ಎಷ್ಟೋ ಜಾತಿಗಳಿಗೆ 49 ಜೋಡಿ, ಗಂಡಾದರೂ ಅಷ್ಟೇ ಹೆಣ್ಣಾದರೂ ಅಷ್ಟೇ. ಇನ್ನೊಂದು ಕವಲಲ್ಲಿ ಉಳಿದ ಕುಟುಂಬಗಳೆಲ್ಲ ಬರುತ್ತವೆ. ಅವುಗಳಲ್ಲಿ ಒಂದೇ ಜಾತಿಯೊಳಗೂ ಲೆಕ್ಕ ಹೆಚ್ಚುಕಮ್ಮಿ ಆಗುತ್ತೆ, ಸಾಮಾನ್ಯವಾಗಿ ಹೆಣ್ಣಿಗೆ ಗಂಡಿಗಿಂತ ನಾಲ್ಕು ಕಾಲು ಹೆಚ್ಚೇ.

ಈಗ ಬಾಯಿಗೆ ಬರೋಣ, ನನ್ನ ಜಗಳ ಇರೋದೇ ಅಲ್ಲಿ. ಬೇರು ಕಡಿಯಬೇಕಾದರೆ ಬೇರುಹುಳಕ್ಕಿದ್ದ ಹಾಗೆ ಗಟ್ಟಿ ದವಡೆ ಬೇಕು. ಒಂದು ಬೇರುಹುಳದ ತಲೆ ತಿರುಗಿಸಿ ನೋಡಿ, ಎರಡು ಕಪ್ಪು ಇಕ್ಕಳ ಕಾಣುತ್ತೆ, ಬೆರಳು ಕೊಟ್ಟರೆ ಕಚ್ಚುವಷ್ಟು ಬಿರುಸು. ಮಣ್ಣಿನ ಜರಿಯ ದವಡೆ ಪುಟ್ಟದು, ತಲೆಯ ಅಡಿಯಲ್ಲಿ ಬೇರೆ ಬಾಯಂಗಗಳ ಹಿಂದೆ ಅಡಗಿಕೊಂಡಿರುತ್ತೆ. ಈ ಕೆಂಪು ತಲೆಯ ಕುಟುಂಬದಲ್ಲಂತೂ ಅದು ಬಾಚಣಿಗೆಯಂತೆ, ಸಣ್ಣ ಹಲ್ಲುಗಳ ಸಾಲು. ಬಾಚಣಿಗೆ ತಗೊಂಡು ಅಡಿಕೆ ಬೇರು ಕಡಿದು ತೋರಿಸಿ ನೋಡೋಣ. ಅದು ಮಾಂಸದ ರಸ ಎಳೆದು, ಬಾಚಿ ಬಾಯಿಗೆ ಹಾಕಿಕೊಳ್ಳೋಕೆ ಇರುವ ಸಾಧನ.

ಹಾಗಾದರೆ ಮುಂದೆ ಕಾಣುವ ಆ ಕೊಕ್ಕೆಗಳು? ಅವು ಹಲ್ಲಲ್ಲ, ಕಾಲು! ತಲೆಯ ಹಿಂದಿನ ಮೊದಲ ಜೋಡಿ ಕಾಲೇ ವಿಷದ ಕೊಕ್ಕೆಯಾಗಿ ಬದಲಾಗಿದೆ. ತುದಿಯ ಹತ್ತಿರ ಸಣ್ಣ ತೂತು, ಒಳಗೆ ವಿಷದ ಗ್ರಂಥಿ. ಕಾಲನ್ನೇ ಸಿರಿಂಜ್ ಮಾಡಿಕೊಂಡ ಪ್ರಾಣಿ ಜರಿ ಬಿಟ್ಟರೆ ಇನ್ನೊಂದಿಲ್ಲ. ಹಾವಿನದು ಹಲ್ಲು, ಚೇಳಿನದು ಬಾಲ. ಈಗ ನೀವೇ ಯೋಚನೆ ಮಾಡಿ: ಬೇರು ತಿನ್ನುವ ಪ್ರಾಣಿಗೆ ವಿಷ ಚುಚ್ಚುವ ಸೂಜಿ ಯಾಕೆ ಬೇಕು? ಬೇರು ಓಡಿ ಹೋಗುತ್ತಾ? ವಿಷ ಬೇಕಾಗೋದು ಮಿಸುಕಾಡುವ ಊಟಕ್ಕೆ. ಹುಳುಗಳ ಮರಿ, ಸಣ್ಣಪುಟ್ಟ ಕೀಟ, ಎರೆಹುಳ, ಇದೇ ಅದರ ಊಟ.

ಕಣ್ಣಂತೂ ಇಲ್ಲವೇ ಇಲ್ಲ. ಇಡೀ ಗಣವೇ ಕುರುಡು. ಯುರೋಪಿನ ಕಡಲ ದಂಡೆಯ ಒಂದು ಮಣ್ಣಿನ ಜರಿಯ ಜೀನುಗಳನ್ನೆಲ್ಲ ಓದಿ 2014ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಕಣ್ಣಲ್ಲಿ ಬೆಳಕು ಹಿಡಿಯುವ ಆಪ್ಸಿನ್ ಅನ್ನುವ ಜೀನುಗಳೇ ಅದರಲ್ಲಿ ಸಿಗಲಿಲ್ಲ. ಹಗಲು ರಾತ್ರಿಯ ಗಡಿಯಾರದ ಜೀನುಗಳೂ ಇಲ್ಲ. ಇಷ್ಟಾದರೂ ಕತ್ತಲಲ್ಲಿ ಬೇಟೆ ಹುಡುಕುತ್ತೆ, 14 ಗೆಣ್ಣಿನ ಎರಡು ಮೀಸೆಯಿಂದ ಮುಟ್ಟಿ, ಮೂಸಿ. ಕಡೇ ಜೋಡಿ ಕಾಲು ನಡೆಯಲು ಅಲ್ಲ, ಹಿಂದೆ ಚಾಚಿಕೊಂಡಿರುತ್ತೆ, ಹಿಂಬದಿಯ ಮೀಸೆ ಇದ್ದ ಹಾಗೆ. ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಹೋಗುತ್ತೆ. ಅದಕ್ಕೇ ತಲೆ ಯಾವುದು ಬಾಲ ಯಾವುದು ಅಂತ ನಮಗೆ ಗಲಿಬಿಲಿ. "ಎರಡು ತಲೆ ಹುಳ" ಅಂತ ಹೆಸರಿಟ್ಟವರೂ ಇದ್ದಾರೆ.

ಮೈ ಚಪ್ಪಟೆ, ಪಕ್ಕದ ಚರ್ಮ ಮೆದು. ಎರೆಹುಳದ ಹಾಗೆ ಮೈ ಉದ್ದ ಮಾಡಿ ಬಿರುಕಿಗೆ ತೂರಿಸುತ್ತೆ, ಆಮೇಲೆ ಗಿಡ್ಡ ಮಾಡಿ ಉಬ್ಬಿಸಿ ಬಿರುಕನ್ನ ಅಗಲ ಮಾಡುತ್ತೆ. ಗುದ್ದಲಿ ಇಲ್ಲದೆ ಮಣ್ಣು ಬಿಡಿಸುವ ಕೆಲಸ. ಮೊದಲ ಜೋಡಿ, ಕಡೇ ಜೋಡಿ ಕಾಲಿನ ಗೆಣ್ಣು ಬಿಟ್ಟು ಉಳಿದ ಪ್ರತಿ ಗೆಣ್ಣಿನ ಪಕ್ಕದಲ್ಲೂ ಒಂದೊಂದು ಉಸಿರಾಟದ ತೂತು. ಮುಚ್ಚಿಕೊಳ್ಳುವ ಬಾಗಿಲಿಲ್ಲ, ಮೇಲೆ ನೀರು ಹಿಡಿದಿಡುವ ಮೇಣದ ಹೊದಿಕೆಯೂ ಇಲ್ಲ. ಒಣಗಿದರೆ ಸತ್ತಿತು. ಹಾಗಾಗಿ ಬೇಸಿಗೆಯಲ್ಲಿ ಆಳಕ್ಕೆ ಇಳಿಯುತ್ತೆ, ತೇವ ಬಂದ ಮೇಲೆ ಮೇಲಕ್ಕೆ ಬರುತ್ತೆ. ಮಳೆಗಾಲದಲ್ಲೇ ಯಾಕೆ ಕಾಣುತ್ತೆ ಅನ್ನೋರಿಗೆ ಉತ್ತರ ಇದು. ಅದು ಎಲ್ಲಿಂದಲೋ ಬಂದ ದಂಡು ಅಲ್ಲ, ಕೆಳಗಿನ ಮನೆಯಿಂದ ಮೇಲಿನ ಮನೆಗೆ ಬಂದಿದೆ ಅಷ್ಟೇ.

ಗುಂಪಲ್ಲಿ ನನ್ನ ಮೇಲೆ ಹಾಕಿದ ದೊಡ್ಡ ಅಸ್ತ್ರ ಇದು: "ಇಂಟರ್‌ನೆಟ್ಟಲ್ಲೇ ಇದೆ ನೋಡಿ, ಗಾರ್ಡನ್ ಸೆಂಟಿಪೀಡ್ ಬೇರು ತಿನ್ನುತ್ತೆ ಅಂತ." ಹೌದು, ಇದೆ. ನಾನೂ ಓದಿದ್ದೀನಿ. ಆದರೆ ಅಲ್ಲಿ ಹೇಳಿರುವುದು ಜರಿಯನ್ನಲ್ಲ! ಸಿಂಫೈಲ ಅನ್ನುವ ಬೇರೆಯೇ ವರ್ಗದ ಪ್ರಾಣಿಗೆ ಇಂಗ್ಲಿಷಿನಲ್ಲಿ ಆ ಅಡ್ಡಹೆಸರು ಬಿದ್ದಿದೆ. ಅದು ಒಂದು ಸೆಂಟಿಮೀಟರೂ ಇಲ್ಲದ ಬಿಳಿ ಬಣ್ಣದ್ದು. ದೊಡ್ಡದಾದ ಮೇಲೆ ಬರೀ 12 ಜೋಡಿ ಕಾಲು, ವಿಷದ ಕೊಕ್ಕೆ ಇಲ್ಲ, ಹಿಂಬದಿಯಲ್ಲಿ ನೂಲು ಬಿಡುವ ಎರಡು ಚೂಪು. ಅದು ನಿಜವಾಗಿಯೂ ಎಳೆ ಬೇರು ತಿನ್ನುತ್ತೆ. ಅಮೆರಿಕದ ತರಕಾರಿ ಬೆಳೆಗಾರರಿಗೆ, ಹವಾಯಿಯ ಅನಾನಸ್ ತೋಟಗಳಿಗೆ ಅದು ಹಳೇ ತಲೆನೋವು. ಅಲ್ಲಿಯ ಬಿಳಿ ಹುಳದ ಅಪರಾಧವನ್ನ ಇಲ್ಲಿಯ ಕೆಂಪು ತಲೆಯ ಜರಿಯ ತಲೆಗೆ ಕಟ್ಟಿದ್ದು ಯಾರು? ಹೆಸರು ಒಂದೇ ಇದ್ದದ್ದಕ್ಕೆ ಪಕ್ಕದ ಊರಿನವನ ಸಾಲಕ್ಕೆ ನಿಮ್ಮ ಮನೆ ಜಪ್ತಿ ಮಾಡಿದರೆ ಸುಮ್ಮನಿರ್ತೀರಾ? ಅನಾನಸ್ ಹಾಕಿದವರು ಬೇರು ಮೊಟಕಾಗಿದ್ದರೆ 12 ಜೋಡಿಯ ಆ ಬಿಳಿಯದನ್ನ ಖಂಡಿತ ಹುಡುಕಿ, ಬೇಡ ಅನ್ನಲ್ಲ. ಆದರೆ ಎಣಿಸಿ.

ಇನ್ನೊಂದು ವಾದ: "ಕೊಳೆತ ಬೇರಿನ ಹತ್ತಿರವೇ ಸಿಗುತ್ತಲ್ಲ?" ಸಿಗುತ್ತೆ. ಕಳ್ಳತನ ಆದ ಮನೇಲಿ ಪೊಲೀಸರೂ ಸಿಗ್ತಾರೆ. ಕೊಳೆತ ಬೇರಿನ ಜಾಗದಲ್ಲಿ ತೇವ, ಪೊಳ್ಳು, ಕೊಳೆತದ್ದು ತಿನ್ನೋಕೆ ಬಂದ ನೂರಾರು ಸಣ್ಣ ಜೀವಿ ಇರುತ್ತವೆ. ಅವುಗಳ ಹಿಂದೆ ಜರಿ ಬಂದಿರುತ್ತೆ. ನಮ್ಮ ಕಡೆ ಬೇರು ಕೊಳೆಯೋಕೆ ಮೊದಲ ಕಾರಣ ನೀರು ನಿಲ್ಲೋದು. ಬಸಿಗಾಲುವೆ ಹೂಳು ತುಂಬಿ ಎಷ್ಟು ವರ್ಷ ಆಯ್ತು ಅಂತ ಮೊದಲು ನೋಡಿ. ಕಾಲುವೆ ಎತ್ತಿಸೋಕೆ ಆಳು ಸಿಗಲ್ಲ, ಕ್ಯಾನು ಸಿಗುತ್ತೆ, ಹಾಗಾಗಿ ಹುಳದ ಮೇಲೆ ಆಪಾದನೆ!

"ಹೊಯ್ದ ಮೇಲೆ ರಾಶಿ ಹುಳ ಮೇಲೆ ಬಂದು ಸತ್ತವು, ಅಷ್ಟೊಂದು ಇದ್ದವು ನೋಡಿ" ಅಂತ ಒಬ್ಬರು ವಿಡಿಯೋ ಹಾಕಿದರು. ನಾನು ಆ ವಿಡಿಯೋ ಎರಡು ಸಲ ನೋಡಿದೆ. ಎರೆಹುಳ ಹೊರಳಾಡ್ತಾ ಇವೆ, ಮೂರು ಜರಿ, ಒಂದಷ್ಟು ಚೋರಟೆ. ಬೇರುಹುಳ ಒಂದೂ ಇಲ್ಲ. ನೀವು ಕಾಸು ಕೊಟ್ಟು ಕೊಂದದ್ದು ನಿಮ್ಮ ಕೂಲಿಯಿಲ್ಲದ ಆಳುಗಳನ್ನ. ಕ್ಲೋರ್‌ಪೈರಿಫಾಸ್ ನರಗಳ ಕೆಲಸ ಕೆಡಿಸುವ ವಿಷ. ಎದುರಿಗಿರುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಅದು ಕೇಳಲ್ಲ. ಮೀನಿಗಂತೂ ಅದು ಘೋರ ವಿಷ. ನಮ್ಮ ತೋಟಗಳ ನೀರು ಹೋಗೋದು ಎಲ್ಲಿಗೆ? ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆಳಗಿನವರ ಗದ್ದೆಗೆ. ಸುರಿಯೋ ಮಳೆಯಲ್ಲಿ ಬುಡಕ್ಕೆ ಹೊಯ್ದದ್ದು ಬುಡದಲ್ಲೇ ಕೂತಿರುತ್ತೆ ಅಂತ ಯಾರು ಹೇಳಿದ್ದು?

ಹಾಗಂತ ನಾನು ಬೇರುಹುಳ ಇಲ್ಲ ಅಂತಿಲ್ಲ. ಬುಡ ಬಿಡಿಸಿ, ಬೇರುಹುಳವನ್ನೇ ಕಣ್ಣಾರೆ ಕಂಡು, ಎಷ್ಟಿವೆ ಎಣಿಸಿ, ತೋಟಗಾರಿಕೆ ಇಲಾಖೆಯವರನ್ನ ಕೇಳಿ, ಹೇಳಿದ ಕಾಲಕ್ಕೆ ಹೇಳಿದ ಅಳತೆಯಲ್ಲಿ ಏನು ಮಾಡ್ತೀರೋ ಮಾಡಿ. ಅದರ ಮಾತೇ ಬೇರೆ. ನನ್ನ ತಕರಾರು ಹುಳದ ಗುರುತು ಹಿಡಿಯದೆ ಹೊಯ್ಯೋದರ ಮೇಲೆ. ಅದರಲ್ಲೂ ಫೋರೇಟ್ ಕಾಳು "ಹಳೇ ಸ್ಟಾಕ್ ಇದೆ, ಹಾಕಿ ನೋಡಿ" ಅಂತ ಕೊಡುವವರು ಇನ್ನೂ ಇದ್ದಾರೆ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಬಳಕೆಯೇ ನಿಷೇಧ. ಕೊಡುವವರದ್ದೂ ತಪ್ಪು, ತಗೊಂಡು ಬರಿಗೈಯಲ್ಲಿ ಎರಚುವವರದ್ದು ಅದಕ್ಕಿಂತ ದೊಡ್ಡ ಅಪಾಯ. ಇದನ್ನೆಲ್ಲ ನಾವು "ಔಷಧಿ" ಅಂತ ಕರೆಯೋದೇ ಒಂದು ಮೋಸ. ಜ್ವರಕ್ಕೆ ಕೊಡೋದು ಔಷಧಿ. ಇದು ವಿಷ, ವಿಷ ಅಂತಲೇ ಕರೆಯೋಣ, ಆಗಲಾದರೂ ಕೈ ಸ್ವಲ್ಪ ತಡೆಯುತ್ತೆ.

ಈಗ ನಮ್ಮ ಕಡೆಯವರ ಜೊತೆಗೂ, ಅಂದರೆ ಸಾವಯವದವರ ಜೊತೆಗೂ ಒಂದು ಮಾತು. "ಜರಿ ಬಿಡಿ, ಬೇರುಹುಳ ಪೂರ್ತಿ ನಿರ್ಮೂಲ" ಅಂತ ಭಾಷಣ ಮಾಡೋರೂ ಹುಟ್ಟಿಕೊಂಡಿದ್ದಾರೆ. ಅದೂ ಬುರುಡೆ. ಬೆರಳು ಗಾತ್ರದ ಬೇರುಹುಳವನ್ನ ಈ ದಾರದಂಥದ್ದು ಮುಗಿಸಿಬಿಡುತ್ತೆ ಅಂತ ನಾನು ಹೇಳಲ್ಲ. ಅಷ್ಟೇ ಅಲ್ಲ, ಜರಿ ಎರೆಹುಳವನ್ನೂ ತಿನ್ನುತ್ತೆ. ಎರೆಹುಳ ತೊಟ್ಟಿ ಇಟ್ಟವರು ಅದರೊಳಗೆ ಜರಿ ಕಂಡರೆ ಎತ್ತಿ ತೋಟಕ್ಕೆ ಬಿಡಿ, ತಪ್ಪಿಲ್ಲ. ತೋಟದಲ್ಲಿ ಮಾತ್ರ ಅದು ತಿಂದ ಎರೆಹುಳದ ಲೆಕ್ಕ ಹಾಕುತ್ತಾ ಕೂರಬೇಡಿ. ಸೊಪ್ಪು ದರಗು ಚೆನ್ನಾಗಿ ಹಾಕಿದ ತೋಟದಲ್ಲಿ ಎರೆಹುಳವೂ ಇರುತ್ತೆ, ಅದನ್ನ ತಿನ್ನೋ ಜರಿಯೂ ಇರುತ್ತೆ, ಜರಿಯನ್ನ ತಿನ್ನೋ ಹಕ್ಕಿಯೂ ಇರುತ್ತೆ. ಅದು ದೇವರೂ ಅಲ್ಲ, ದೆವ್ವವೂ ಅಲ್ಲ. ಮಣ್ಣಿನ ಮನೆಯಲ್ಲಿ ಅದಕ್ಕೊಂದು ಪಾಲಿದೆ, ಅಷ್ಟೇ.

ಹೆಂಗಸರು ಮಕ್ಕಳ ಭಯ ಬೇರೆ. ಜರಿ ಅಂದರೆ ಕಿವಿಗೆ ಹೋಗಿ ಮೆದುಳು ತಿನ್ನುತ್ತೆ ಅಂತ ನಮ್ಮ ಮನೇಲೂ ಹೇಳ್ತಿದ್ದರು. ಕಿವಿಯ ಒಳಗೆ ತಮಟೆ ಇದೆ, ಮೆದುಳಿಗೆ ದಾರಿ ಇಲ್ಲ. ಯಾವುದೇ ಹುಳ ಕಿವಿಗೆ ಹೊಕ್ಕರೆ ಕಡ್ಡಿ ಹಾಕಿ ಕೆದಕದೆ ಡಾಕ್ಟರ ಹತ್ತಿರ ಹೋಗಿ, ಮುಗೀತು. ದೊಡ್ಡ ಜರಿ ಕಚ್ಚಿದರೆ ನೋವು ಜೋರು, ಊತ ಬರುತ್ತೆ, ಅದು ಸುಳ್ಳಲ್ಲ. ಅಡಿಕೆ ಸಿಪ್ಪೆ ರಾಶಿ, ಕಟ್ಟಿಗೆ ಒಟ್ಟಿದ ಜಾಗಕ್ಕೆ ಕೈ ಹಾಕುವಾಗ ಎಚ್ಚರ ಬೇಕೇ ಬೇಕು. ಆದರೆ ದಾರದಂಥ ಮಣ್ಣಿನ ಜರಿಯ ಕೊಕ್ಕೆ ನಮ್ಮ ಅಂಗೈ ಚರ್ಮ ದಾಟೋದೇ ಕಷ್ಟ. ಅದು ತನ್ನನ್ನ ಕಾಪಾಡಿಕೊಳ್ಳೋದು ಇನ್ನೊಂದು ರೀತಿ: ಹಲವು ಜಾತಿಗಳಿಗೆ ಹೊಟ್ಟೆಯ ಕಡೆ ಗೆಣ್ಣು ಗೆಣ್ಣಿಗೂ ಸಣ್ಣ ತೂತುಗಳಿವೆ, ಹಿಡಿದರೆ ಅಂಟು ರಸ ಬರುತ್ತೆ. ಆರ್ಫ್ನೇಯಸ್ ಅನ್ನುವ ಜಾತಿ ನಮ್ಮ ದೇಶದಲ್ಲೂ ಇದೆ, ಅದರ ರಸ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತೆ. ರಾತ್ರಿ ನೆಲದ ಮೇಲೆ ಬೆಳಕಿನ ಗೆರೆ ಹರಿದಾಡಿದರೆ ಮಾಟ ಅಂತ ಹೆದರಿ ನಿಂಬೆಹಣ್ಣು ಕುಯ್ಯೋ ಮೊದಲು ಟಾರ್ಚ್ ಬಿಟ್ಟು ನೋಡಿ.

ಇನ್ನೊಂದು ವಿಷಯ, ಗುಂಪಲ್ಲಿ ಯಾರೂ ಎತ್ತದ್ದು. ಈ ಜರಿಯ ತಾಯಿ ಮೊಟ್ಟೆ ಇಟ್ಟು ಬಿಟ್ಟು ಹೋಗೋದಿಲ್ಲ. ಮಣ್ಣಿನ ಪೊಳ್ಳಲ್ಲಿ ಮೊಟ್ಟೆಗಳ ಸುತ್ತ ಮೈ ಸುರುಳಿ ಮಾಡಿಕೊಂಡು, ಅವು ಒಡೆದು ಮರಿ ಓಡಾಡುವವರೆಗೂ ಕಾವಲು ಕೂರುತ್ತೆ. ಮೇಲೆ ಎರಡು ಕವಲು ಅಂದೆನಲ್ಲ, ಕೂರುವ ರೀತಿಯಲ್ಲೂ ಅವಕ್ಕೆ ವ್ಯತ್ಯಾಸ ಇದೆ. ಕೆಂಪು ತಲೆಯ ಕುಟುಂಬ ಹೊಟ್ಟೆಯನ್ನ ಮೊಟ್ಟೆಯ ಕಡೆ ಮಾಡಿ ತಬ್ಬಿಕೊಳ್ಳುತ್ತೆ, ಇನ್ನೊಂದು ಕವಲಿನವು ಮೊಟ್ಟೆಗೆ ಬೆನ್ನು ಕೊಟ್ಟು ಸುತ್ತುತ್ತವೆ, ರಸದ ತೂತುಗಳು ಹೊರಗಡೆ ಬರುವ ಹಾಗೆ. ಹುಟ್ಟುವ ಮರಿಗೆ ಕಾಲಿನ ಲೆಕ್ಕ ಆಗಲೇ ಪೂರ್ತಿ, ಬೆಳೆಯುತ್ತಾ ಹೊಸ ಕಾಲು ಸೇರೋದಿಲ್ಲ. ಕಾವಲು ಕೂತ ತಾಯಿಗೆ ತೊಂದರೆ ಕೊಟ್ಟರೆ ಮೊಟ್ಟೆ ಬಿಟ್ಟು ಹೋಗುತ್ತೆ, ಕೆಲವು ಸಲ ತಾನೇ ತಿಂದುಬಿಡುತ್ತೆ. ಅಂದರೆ ಸುಮ್ಮಸುಮ್ಮನೆ ಬುಡ ಕೆದಕಿ "ಹುಳ ಇದೆಯಾ ನೋಡೋಣ" ಅಂತ ಎಲ್ಲ ಮರಕ್ಕೂ ಗುದ್ದಲಿ ಹಾಕೋದೂ ಒಳ್ಳೇದಲ್ಲ. ಸೋಗೆ ಹಳದಿಯಾಗಿ, ತಲೆ ಸಣ್ಣದಾದ ನಾಲ್ಕು ಮರ ಆರಿಸಿ, ಅವುಗಳ ಬುಡ ಮಾತ್ರ ಬಿಡಿಸಿ ನೋಡಿದರೆ ಸಾಕು.

ಆ ಫೋಟೋವನ್ನ ಗುಂಪಿನಿಂದ ತೆಗೀರಿ ಅಂತ ಅಡ್ಮಿನ್‌ಗಳಿಗೆ ಎರಡು ಸಲ ಹೇಳಿದ್ದೀನಿ, ಇನ್ನೂ ತೆಗೆದಿಲ್ಲ. ಪರವಾಗಿಲ್ಲ, ಇದನ್ನೇ ಅದರ ಕೆಳಗೆ ಹಾಕಿ. ಇನ್ನು ಮುಂದೆ ಹುಳದ ಫೋಟೋ ಹಾಕುವವರು ದಯವಿಟ್ಟು ಹೀಗೆ ಮಾಡಿ: ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ ಅದರಲ್ಲಿ ಬಿಡಿ, ಪಕ್ಕದಲ್ಲಿ ಒಂದು ಕಡ್ಡಿಪೆಟ್ಟಿಗೆ ಇಡಿ, ಅಳತೆ ಗೊತ್ತಾಗುತ್ತೆ. ಮೇಲಿನಿಂದ ಒಂದು, ತಲೆಯ ಹತ್ತಿರದಿಂದ ಒಂದು, ಪಕ್ಕದಿಂದ ಒಂದು ಫೋಟೋ. ಆಮೇಲೆ ಅದನ್ನ ಎತ್ತಿಕೊಂಡ ಜಾಗದಲ್ಲೇ ದರಗಿನ ಅಡಿಗೆ ಬಿಡಿ, ಬಿಸಿಲಲ್ಲಿ ಬಿಟ್ಟರೆ ಹತ್ತು ನಿಮಿಷ ಉಳಿಯಲ್ಲ. ಮೂರು ಜೋಡಿಯಾ, ಹನ್ನೆರಡಾ, ಗೆಣ್ಣಿಗೆ ಒಂದಾ, ಎರಡಾ ಅಂತ ನೋಡಿ ಬರೆದು ಹಾಕಿ. ಕ್ಯಾನಿನ ಬೆಲೆ ಆಮೇಲೆ ಕೇಳೋಣ.